ಹೋಬರ್ಟ್ ಹಿಟ್ಟು ಕಲಸಿದ್ದು

ಚಳಿಗಾಲದ ಕೊನೆಯಲ್ಲಿ ಪಾರ್ಶ್ವವಾಯು ಬಡಿದ ಮೇಲೆ ಡೆಲ್ಫಿಯಾಳ ಬಾಯಲ್ಲಿ ಉಳಿದದ್ದು ಎರಡೇ ಮಾತು. ಒಂದು ‘ಇಲ್ಲ’. ಇನ್ನೊಂದು ‘ಹಲ್ಕಟ್ ನನ್ಮಗ’.

ಮೊದಲನೆಯದರಿಂದ ಯಾರಿಗೂ ತೊಂದರೆ ಆಗಲಿಲ್ಲ. ಎರಡನೆಯದರ ವಿಚಾರ ಬೇರೆ. ಡೆಲ್ಫಿಯಾ ಲಂಗ ತೊಡುವ ವಯಸ್ಸಿನಿಂದ ಕೋಲಿ ಫೋರ್ಕ್ ಕಣಿವೆಯ ಬ್ಯಾಪ್ಟಿಸ್ಟ್ ಚರ್ಚಿಗೆ ನಡೆದುಕೊಂಡವಳು. ಭಾನುವಾರದ ಪಾಠದಲ್ಲಿ ಆ ಕಣಿವೆಯ ಅಪ್ಪಂದಿರಿಗೂ, ಆಮೇಲೆ ಅವರ ಮಕ್ಕಳಿಗೂ ಬೈಬಲ್ಲಿನ ಸಾಲುಗಳನ್ನು ಬಾಯಿಪಾಠ ಮಾಡಿಸಿದವಳು. ಗಂಡ ಹೋಬರ್ಟ್ ಕಲ್ಲಿದ್ದಲು ಗಣಿಯಿಂದ ಬಂದು ಬೂಟು ಬಿಚ್ಚುವಾಗ ಬಾಯಿ ತಪ್ಪಿ ಏನಾದರೂ ಅಂದರೆ, “ಅದನ್ನೂ ಬೂಟಿನ ಜೊತೆ ಹೊರಗೇ ಬಿಟ್ಟು ಬಾ” ಎಂದು ಜಗಲಿಗೆ ಅಟ್ಟಿದವಳು. ಅಂಥವಳ ನಾಲಿಗೆಗೆ, ಇಷ್ಟು ದೊಡ್ಡ ಭಾಷೆಯೊಳಗೆ, ಹುಡುಕಿ ಹುಡುಕಿ ಅದೇ ಹೇಗೆ ಅಂಟಿಕೊಂಡಿತೋ.

“ಬೈಗುಳ ಮಿದುಳಿನ ಬೇರೆ ಮೂಲೇಲಿ ಇರತ್ತೆ ಯಜಮಾನ್ರೇ. ಪೆಟ್ಟು ಬಿದ್ದಿರೋದು ಈ ಕಡೆ. ಅವರೇನೂ ಬೇಕಂತ ಅಂತಿಲ್ಲ” ಎಂದಳು ಆಸ್ಪತ್ರೆಯ ಡಾಕ್ಟರಮ್ಮ.

“ಅವಳ ಯಾವ ಮೂಲೇಲೂ ಅದು ಇದೆ ಅಂತಲೇ ನನಗೆ ಗೊತ್ತಿರ್ಲಿಲ್ಲ” ಎಂದ ಹೋಬರ್ಟ್.

ಪಾಸ್ಟರ್ ಕ್ಲೆಟಿಸ್ ಆಸ್ಪತ್ರೆಗೆ ಬಂದ ದಿನವೇ ಕೆಲಸ ಕೆಟ್ಟಿತು. ಮಂಚದ ಪಕ್ಕ ಮೊಣಕಾಲೂರಿ, ಅವಳ ಎಡಗೈ ಹಿಡಿದು, ಉದ್ದಕ್ಕೆ ಪ್ರಾರ್ಥನೆ ಮಾಡಿ, “ಡೆಲ್ಫಿಯಕ್ಕ, ಈಗ ಹೇಗಿದೆ?” ಎಂದು ಕೇಳಿದರು. ಡೆಲ್ಫಿಯಾ ಅವರ ಮುಖ ನೋಡಿ, ತುಂಬ ವಿನಯದಿಂದ, ಬಿಡಿಬಿಡಿಯಾಗಿ, “ಹಲ್ಕಟ್ ನನ್ಮಗ” ಅಂದಳು. ಅಂದವಳ ಕಣ್ಣು ಬಿಟ್ಟದ್ದು ಬಿಟ್ಟ ಹಾಗೇ ನಿಂತಿತು. ಎಡಗೈ ಕಿತ್ತುಕೊಂಡು ಬಾಯಿ ಮುಚ್ಚಿಕೊಂಡಳು. ಪಾಸ್ಟರ್ ಏನೂ ಆಗದವರ ಹಾಗೆ ಟೋಪಿ ಎತ್ತಿಕೊಂಡು ಹೋದರು.

ಮನೆಗೆ ಬಂದ ಮೇಲೆ ಡೆಲ್ಫಿಯಾ ಚರ್ಚಿನ ಕಡೆ ತಲೆ ಹಾಕಲಿಲ್ಲ. ಬಲಗೈ ಸೋತಿತ್ತು, ಬಲಗಾಲು ಎಳೆಯುತ್ತಿತ್ತು, ಆದರೂ ಕೋಲು ಹಿಡಿದು ಅಡುಗೆಮನೆಯಿಂದ ಜಗಲಿಯವರೆಗೆ ಓಡಾಡುವಷ್ಟು ಚೇತರಿಸಿಕೊಂಡಿದ್ದಳು. ರಸ್ತೆಯಲ್ಲಿ ಯಾರದಾದರೂ ಕಾರು ನಿಧಾನವಾದರೆ ಸಾಕು, ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಬಂದವರಿಗೆ ಹೋಬರ್ಟ್ “ಈಗ ತಾನೇ ಮಲಗಿದ್ಲು” ಅನ್ನುತ್ತಿದ್ದ. ವಸಂತವೆಲ್ಲ ಹೀಗೇ ಹೋಯಿತು. ಬೆಟ್ಟದ ಮೇಲೆ ಬ್ಲ್ಯಾಕ್‌ಬೆರಿಯ ಮುಳ್ಳುಪೊದೆಗಳು ಬೆಳ್ಳಗೆ ಹೂಬಿಟ್ಟು, ಹೂವುದುರಿ, ಕಾಯಿ ಕೆಂಪಾಗಿ, ಜುಲೈ ಬಂತು.

ಜುಲೈಯಲ್ಲಿ ಚರ್ಚಿನ ವರ್ಷದ ಕೂಟ. ಓಹಾಯೋ, ಮಿಶಿಗನ್ ಅಂತ ಕೆಲಸಕ್ಕೆ ಚದುರಿ ಹೋದವರೆಲ್ಲ ಊರಿಗೆ ಬರುತ್ತಾರೆ. ಉಪದೇಶ ಮುಗಿದ ಮೇಲೆ ಓಕ್ ಮರಗಳ ಕೆಳಗೆ ಹಲಗೆ ಜೋಡಿಸಿ ಊಟ. ಆ ಹಲಗೆಯ ಕೊನೆಯಲ್ಲಿ ಡೆಲ್ಫಿಯಾಳ ಬ್ಲ್ಯಾಕ್‌ಬೆರಿ ಕಾಬ್ಲರಿನ ತಟ್ಟೆಗೆ ಒಂದು ಜಾಗ ಇತ್ತು. ಹಣ್ಣಿನ ಮೇಲೆ ಹಿಟ್ಟು ಹೊದಿಸಿ ಓವನಿನಲ್ಲಿ ಬೇಯಿಸುವ ಸಿಹಿ ಅದು. ಕೆಲವರು ಕೋಳಿ, ಹುರುಳಿಕಾಯಿ ಎಲ್ಲ ಬಿಟ್ಟು ಮೊದಲು ಅಲ್ಲಿಗೇ ಹೋಗಿ, ತಮ್ಮ ಪಾಲು ಎತ್ತಿಟ್ಟುಕೊಂಡು, ಆಮೇಲೆ ಊಟಕ್ಕೆ ಸಾಲು ನಿಲ್ಲುತ್ತಿದ್ದರು.

ಕೂಟದ ವಾರ ನೆರೆಯ ವರ್ಡಿ ಬಂದಳು. ಹೊಳೆಯ ಆಚೆ ದಡದವಳು, ಮಾತಿನ ಮಲ್ಲಿ, ಮನಸ್ಸು ಒಳ್ಳೆಯದು. ಜಗಲಿಯ ಮೆಟ್ಟಿಲ ಮೇಲೆ ನಿಂತೇ ಶುರು ಮಾಡಿದಳು.

“ಹೋಬರ್ಟಣ್ಣ, ಕಾಬ್ಲರ್ ಚಿಂತೆ ಮಾಡ್ಬೇಡಿ. ಈ ಸಲ ನಾನು ಮಾಡ್ಕೊಂಡು ಹೋಗ್ತೀನಿ.”

“ನಾನೆಲ್ಲಿ ಚಿಂತೆ ಮಾಡ್ದೆ?”

“ಅದೇ, ಮಾಡ್ಬೇಡಿ ಅಂತ. ನಂದು ಸುಲಭದ್ದು. ಒಂದು ಲೋಟ ಹಿಟ್ಟು, ಒಂದು ಲೋಟ ಸಕ್ಕರೆ, ಒಂದು ಲೋಟ ಹಾಲು, ಕರಗಿದ ಬೆಣ್ಣೆ ಮೇಲೆ ಸುರಿದು ಹಣ್ಣು ಹಾಕಿದ್ರೆ ತಾನಾಗೇ ಉಬ್ಕೊಂಡು ಬರತ್ತೆ. ಡೆಲ್ಫಿಯಕ್ಕನ ಹಾಗೆ ಲಟ್ಟಿಸಿ, ಪಟ್ಟಿ ಕೊಯ್ದು, ಅದೆಲ್ಲ ಯಾರಿಗೆ ಪುರುಸೊತ್ತಿದೆ? ತಿನ್ನೋರಿಗೆ ಎರಡೂ ಒಂದೇ.”

ಒಳಕೋಣೆಯ ಬಾಗಿಲು ತೆರೆಯಿತು. ಕೋಲಿನ ಸದ್ದು ಬಂತು. ಡೆಲ್ಫಿಯಾ ಜಾಲರಿ ಬಾಗಿಲ ಹಿಂದೆ ಬಂದು ನಿಂತು, “ಇಲ್ಲ” ಎಂದಳು.

“ಅಯ್ಯೋ ಅಕ್ಕ! ಎದ್ದಿದೀರಾ? ಏನಿಲ್ಲ?”

“ಇಲ್ಲ. ಇಲ್ಲ. ಇಲ್ಲ.”

ವರ್ಡಿ ಹೋಬರ್ಟನ ಮುಖ ನೋಡಿದಳು. ಹೋಬರ್ಟ್ ಹೆಂಡತಿಯ ಮುಖ ನೋಡಿದ. ಇಷ್ಟು ವರ್ಷ ಜೊತೆಗಿದ್ದವನಿಗೆ ಅರ್ಥವಾಗದೆ ಇರುತ್ತದೆಯೇ? “ನಾವೇ ತರ್ತೀವಂತೆ ಕಣಮ್ಮ” ಎಂದ.

ವರ್ಡಿ ಹೋದ ಮೇಲೆ ಕೇಳಿದ: “ತರ್ತೀವಿ ಅಂದೆ, ಸರಿ. ಮಾಡೋರು ಯಾರೇ?”

ಡೆಲ್ಫಿಯಾ ಕೋಲನ್ನು ಗೋಡೆಗೆ ಒರಗಿಸಿ, ಎಡಗೈಯ ಬೆರಳನ್ನು ಅವನ ಎದೆಗೆ ಕುಟ್ಟಿದಳು.

ಹೋಬರ್ಟ್ ಮೊಟ್ಟೆ ಕರಿಯಬಲ್ಲ, ಕಾಫಿ ಕಾಯಿಸಬಲ್ಲ. ಈ ವಸಂತದಲ್ಲಿ ಬೀನ್ಸ್ ಕಾಳು ಬೇಯಿಸುವುದನ್ನೂ ಕಲಿತಿದ್ದ. ಅದಕ್ಕಿಂತ ಮುಂದೆ ಹೋಗಿರಲಿಲ್ಲ. ಆದರೆ ಹಣ್ಣು ಕೀಳುವುದು ಅಡುಗೆಯಲ್ಲವಲ್ಲ ಎಂದು ಬೆಳಿಗ್ಗೆ ಎದ್ದು, ಉದ್ದತೋಳಿನ ಅಂಗಿ ತೊಟ್ಟು, ಕೆಂಪು ನುಸಿ ಹತ್ತದ ಹಾಗೆ ಷರಾಯಿಯ ತುದಿಗೆ ಸೀಮೆಎಣ್ಣೆ ಸವರಿಕೊಂಡು ಮನೆಯ ಹಿಂದಿನ ಬೇಲಿಗೆ ಹೋದ. ಬಿಸಿಲೇರುವ ಮೊದಲೇ ಬಕೆಟ್ ತುಂಬಿಸಿಕೊಂಡು ಬಂದು, ಗೆದ್ದವನ ಹಾಗೆ ಅಡುಗೆಮನೆಯ ಮೇಜಿನ ಮೇಲಿಟ್ಟ.

ಡೆಲ್ಫಿಯಾ ಒಂದು ಹಿಡಿ ಹಣ್ಣನ್ನು ಬೆಳಕಿಗೆ ಹಿಡಿದಳು. ಫಳಫಳ ಹೊಳೆಯುತ್ತಿದ್ದ ಒಂದನ್ನು ಆರಿಸಿ ಅವನ ಬಾಯಿಗೆ ತುರುಕಿದಳು. ಹೋಬರ್ಟನ ಮುಖ ಕಿವುಚಿತು. ಆಮೇಲೆ ಹೊಳಪಿಲ್ಲದ, ಮಂಕಾದ ಒಂದನ್ನು ಹುಡುಕಿ ತುರುಕಿದಳು. ಅದು ಜೇನು.

“ಹೊಳೆಯೋದು ಹಣ್ಣಾಗಿಲ್ಲ ಅಂತೀಯಾ?”

ಡೆಲ್ಫಿಯಾ ಬಕೆಟ್ ಬಗ್ಗಿಸಿ ಮೇಜಿನ ತುಂಬ ಹಣ್ಣು ಹರಡಿ, ಒಂದೊಂದಕ್ಕೂ ಒಂದು “ಇಲ್ಲ” ಹೇಳುತ್ತ ಪಕ್ಕಕ್ಕೆ ತಳ್ಳಿದಳು. ಕೊನೆಗೆ ಉಳಿದದ್ದು ಒಂದು ಬೋಗುಣಿಯ ತಳ ಮುಚ್ಚುವಷ್ಟು.

“ಹಂಗಾದ್ರೆ ನೀನೇ ಬಾ” ಎಂದ ಹೋಬರ್ಟ್, ಸ್ವಲ್ಪ ಸಿಟ್ಟಿನಿಂದಲೇ. “ಇಲ್ಲಿ ಕೂತ್ಕೊಂಡು ಇಲ್ಲ ಇಲ್ಲ ಅನ್ನೋದು ಸುಲಭ.”

ಬರುತ್ತಾಳೆಂದು ಅವನು ಎಣಿಸಿರಲಿಲ್ಲ. ಅವಳು ಗೂಟದಲ್ಲಿದ್ದ ಬಿಸಿಲುಟೋಪಿಯ ಕಡೆ ಕೈ ತೋರಿಸಿದಳು.

ಹಳೆಯ ಗಣಿ ರಸ್ತೆ ಹಿಡಿದು ಪಿಕಪ್ ಗಾಡಿ ಬೆಟ್ಟ ಹತ್ತಿತು. ಮೇಲೆ, ಕಂಪನಿಯವರು ಬೆಟ್ಟದ ಪಕ್ಕೆ ಕೊರೆದು ಕಲ್ಲಿದ್ದಲು ತೆಗೆದು ಬಿಟ್ಟುಹೋದ ಬಯಲಿನಲ್ಲಿ, ಮುಳ್ಳುಪೊದೆ ಬಿಟ್ಟು ಬೇರೇನೂ ಸರಿಯಾಗಿ ಬೆಳೆಯುವುದಿಲ್ಲ. ಆದರೆ ಅದು ಬೆಳೆದರೆ ಆಳೆತ್ತರ ಬೆಳೆಯುತ್ತದೆ. ಹೋಬರ್ಟ್ ಗಾಡಿಯನ್ನು ಪೊದೆಗೆ ತಾಗಿಸಿದಂತೆ ನಿಲ್ಲಿಸಿದ. ಅವಳು ಇಳಿಯದೆಯೇ ಕಿಟಕಿಯಿಂದ ಎಡಗೈ ಚಾಚಿ, ಮಡಿಲಲ್ಲಿ ಸಣ್ಣ ತಗಡಿನ ಡಬ್ಬಿ ಇಟ್ಟುಕೊಂಡು ಕೀಳತೊಡಗಿದಳು. ಹಣ್ಣಿನ ಕೆಳಗೆ ಬೆರಳು ಹಿಡಿದು ಹಗುರಾಗಿ ಮುಟ್ಟುತ್ತಿದ್ದಳು. ಬಿದ್ದರೆ ಡಬ್ಬಿಗೆ, ಬೀಳದಿದ್ದರೆ ಗಿಡಕ್ಕೇ. ಹೋಬರ್ಟ್ ಒಂದಿಷ್ಟು ಹೊತ್ತು ನೋಡಿ, ತಾನೂ ಹಾಗೇ ಮಾಡಿದ. ಅವನು ಇಷ್ಟು ದಿನ ಹಣ್ಣು ಕೀಳುತ್ತಿದ್ದದ್ದು ಮೊಳೆ ಕೀಳುವ ಹಾಗೆ.

ಗಾಳಿ ಬೀಸಿತು. ಒಂದು ಕೊಂಬೆ ಚಿಮ್ಮಿ ಅವಳ ಮಣಿಕಟ್ಟಿನಿಂದ ಮೊಣಕೈವರೆಗೆ ಗೀರಿತು.

“ಹಲ್ಕಟ್ ನನ್ಮಗ!” ಎಂದಳು ಡೆಲ್ಫಿಯಾ.

ಹೋಬರ್ಟ್ ಪೊದೆಯ ಆಚೆಯಿಂದ ತಲೆಯೆತ್ತಿದ. “ಈಗ ನೋಡು, ಸರಿಯಾದ ಜಾಗಕ್ಕೆ ಬಂತು” ಎಂದ.

ಅವಳು ಅವನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಅವಳ ಬಾಯಿಯ ಎಡತುದಿ ಮೇಲೆ ಹೋಯಿತು. ಭುಜ ಕುಣಿಯಿತು. ಸದ್ದೇ ಇಲ್ಲದೆ, ಡಬ್ಬಿ ಅಲುಗುವ ಹಾಗೆ ನಕ್ಕಳು. ಕಾಯಿಲೆ ಬಿದ್ದ ಮೇಲೆ ಅವಳು ನಕ್ಕಿದ್ದನ್ನು ಹೋಬರ್ಟ್ ನೋಡಿದ್ದು ಅದೇ ಮೊದಲು. ಅವನಿಗೆ ಏನು ಮಾಡಬೇಕೋ ತಿಳಿಯದೆ ಮತ್ತೆ ಪೊದೆಯೊಳಗೆ ತಲೆ ಹಾಕಿ, ಕಣ್ಣಿಗೆ ಬೆವರು ಇಳಿದವನ ಹಾಗೆ ತೋಳಿನಿಂದ ಒರೆಸಿಕೊಂಡ.

ಶನಿವಾರ ಮಧ್ಯಾಹ್ನ ಮೊದಲ ಪ್ರಯತ್ನ. ಡೆಲ್ಫಿಯಾ ಮೇಜಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಳು. ಹಿಟ್ಟು, ಬೇಕಿಂಗ್ ಪೌಡರ್, ಉಪ್ಪು, ಹಂದಿಕೊಬ್ಬು, ಮಜ್ಜಿಗೆ, ಎಲ್ಲ ಅವಳು ಕೈ ತೋರಿಸಿದ ಹಾಗೆ ಬಂದು ಸೇರಿದವು. ಅಳತೆಗೆ ಲೋಟ ತೆಗೆದರೆ “ಇಲ್ಲ”. ಅವಳದ್ದೆಲ್ಲ ಹಿಡಿ ಲೆಕ್ಕ, ಚಿಟಿಕೆ ಲೆಕ್ಕ. ಅವನ ಹಿಡಿಯೋ ಅವಳದ್ದರ ಎರಡರಷ್ಟು.

ಹೋಬರ್ಟ್ ಹಿಟ್ಟನ್ನು ಕಲಸಿದ್ದು ಸಿಮೆಂಟು ಕಲಸಿದ ಹಾಗೆ. ಅಂಗೈಯಿಂದ ಒತ್ತಿ, ಮಗುಚಿ, ಗುದ್ದಿ, ಉಂಡೆ ಕಟ್ಟಿ, ಮತ್ತೆ ಗುದ್ದಿದ. “ಇಲ್ಲ” ಎಂದಳು. ಅವನು ಇನ್ನೂ ಜೋರಾಗಿ ಗುದ್ದಿದ. “ಇಲ್ಲ! ಇಲ್ಲ!” ಎಂದಳು.

“ಏನಿಲ್ಲ ಅಂತ ಹೇಳೇ! ನೀರಿಲ್ವೋ, ಉಪ್ಪಿಲ್ವೋ, ಬುದ್ಧಿ ಇಲ್ವೋ?”

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಹೇಳಲು ಬರುತ್ತಿದ್ದರೆ ಅವಳು ಹೇಳುತ್ತಿರಲಿಲ್ಲವೇ? ಡೆಲ್ಫಿಯಾ ಮುಖ ತಿರುಗಿಸಿ ಕಿಟಕಿಯ ಆಚೆ ನೋಡುತ್ತ ಕೂತಳು. ಓವನಿನಿಂದ ಕಾಬ್ಲರ್ ಹೊರಗೆ ಬಂದಾಗ ಹೋಬರ್ಟ್ ಮೇಲ್ಪದರವನ್ನು ಚಮಚದಿಂದ ತಟ್ಟಿದ. ಬಾಗಿಲು ತಟ್ಟಿದ ಸದ್ದು ಬಂತು. ಒಳಗಿನ ಹಣ್ಣನ್ನು ಇಬ್ಬರೂ ಬಳಿದು ತಿಂದರು. ಮೇಲಿನದನ್ನು ಹಿತ್ತಲಿಗೆ ಎಸೆದರೆ ಕೋಳಿಗಳು ಒಂದೆರಡು ಸಲ ಕುಟುಕಿ, ಅದನ್ನು ಬಿಟ್ಟು ಹುಳ ಹುಡುಕಿಕೊಂಡು ಹೋದವು.

ಭಾನುವಾರ ಬೆಳಿಗ್ಗೆ, ಇಬ್ಬನಿ ಆರುವ ಮೊದಲೇ, ಅವಳೇ ಅವನನ್ನು ಕೋಲಿನಿಂದ ತಿವಿದು ಎಬ್ಬಿಸಿದಳು. ಈ ಸಲ ಕುರ್ಚಿಯನ್ನು ಅವನ ಪಕ್ಕಕ್ಕೇ ಎಳೆಸಿಕೊಂಡಳು. ಬೋಗುಣಿಯೊಳಗೆ ತನ್ನ ಎಡಗೈ ಇಟ್ಟು, ಅವನ ಬಲಗೈಯನ್ನು ತನ್ನದರ ಮೇಲೆ ಇಡಿಸಿಕೊಂಡಳು. ಒತ್ತಲು ಬಿಡಲಿಲ್ಲ. ಬೆರಳ ತುದಿಯಲ್ಲಿ ಹಿಟ್ಟನ್ನೂ ಕೊಬ್ಬನ್ನೂ ಸೇರಿಸಿ ಉಜ್ಜಿ ಉದುರಿಸಿದಳು, ಉಜ್ಜಿ ಉದುರಿಸಿದಳು, ಒರಟು ರವೆಯ ಹಾಗೆ ಆಗುವವರೆಗೆ. ಮಜ್ಜಿಗೆ ಅವನು ಹನಿಸಿದ, ಅವಳು ಫೋರ್ಕಿನಿಂದ ನಾಲ್ಕು ಸುತ್ತು ತಿರುಗಿಸಿ ಬಿಟ್ಟುಬಿಟ್ಟಳು. ಹಿಟ್ಟು ಇನ್ನೂ ಒಡಕಾಗಿತ್ತು, ಒಂದು ಮಗ್ಗುಲು ಪುಡಿಪುಡಿ.

“ಇದು ಕಲಸಿದ ಹಾಗೇ ಆಗ್ಲಿಲ್ವಲ್ಲೇ.”

ಅವಳು ಏನೂ ಅನ್ನಲಿಲ್ಲ. ಆವತ್ತು ಬೆಳಗಿನಿಂದ ಅವಳು ‘ಇಲ್ಲ’ ಅಂದೇ ಇಲ್ಲ ಎನ್ನುವುದು ಅವನಿಗೆ ಆಗ ಹೊಳೆಯಿತು.

ಹಣ್ಣು, ಸಕ್ಕರೆ, ಒಂದಿಷ್ಟು ನೀರು ಒಲೆಯ ಮೇಲೆ ಕುದಿದು ರಸ ಬಿಟ್ಟು ಕಡುನೇರಳೆಯಾಯಿತು. ಹೋಬರ್ಟ್ ಹಿಟ್ಟನ್ನು ಹಗುರಾಗಿ ಲಟ್ಟಿಸಿ ಪಟ್ಟಿ ಕೊಯ್ದ. ಅರ್ಧ ಪಟ್ಟಿಗಳನ್ನು ಕುದಿಯುವ ರಸದೊಳಗೇ ಮುಳುಗಿಸಿದರು. ಅವು ಬೆಂದು, ರಸ ಕುಡಿದು, ಮೆತ್ತಗೆ ಮಂದವಾಗುತ್ತವೆ. ಡೆಲ್ಫಿಯಾಳ ಕಾಬ್ಲರಿಗೂ ವರ್ಡಿಯದ್ದಕ್ಕೂ ಇರುವ ಅಂತರ ಅದೇ. ಉಳಿದವನ್ನು ಮೇಲೆ ಅಡ್ಡಡ್ಡ ಹಾಸಿ, ಬೆಣ್ಣೆಯ ಚೂರುಗಳನ್ನಿಟ್ಟು, ಸಕ್ಕರೆ ಉದುರಿಸಿ ಓವನಿಗೆ ತಳ್ಳಿದರು. ಸ್ವಲ್ಪ ಹೊತ್ತಿನಲ್ಲಿ ಅಂಚಿನಿಂದ ರಸ ಉಕ್ಕಿ ತಟ್ಟೆಯ ಹೊರಗೆ ಸೋರಿ ಸೀದ ವಾಸನೆ ಬಂತು. ಹೋಬರ್ಟ್ ಗಾಬರಿಯಾಗಿ ಎದ್ದ. ಅವಳು ಅವನ ಷರಾಯಿಯ ಪಟ್ಟಿ ಹಿಡಿದು ಕೂರಿಸಿದಳು. ಸೋರಿದರೇ ಅದು ಕಾಬ್ಲರ್.

ಹೊರಗೆ ತೆಗೆದಾಗ ಮೇಲ್ಪದರ ಕಂದುಬಣ್ಣಕ್ಕೆ ತಿರುಗಿ, ಒಡೆದ ಕಡೆಯಲ್ಲೆಲ್ಲ ನೇರಳೆ ರಸ ಪುಟಿಯುತ್ತಿತ್ತು. ಹೋಬರ್ಟ್ ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡು ಬಂದು, “ಹೊರಡೋಣ್ವಾ?” ಅಂದ.

“ಇಲ್ಲ” ಎಂದಳು ಡೆಲ್ಫಿಯಾ. ಬಾಯಿ ಮುಟ್ಟಿ ತೋರಿಸಿದಳು.

ಅವನು ಕುರ್ಚಿಯೆಳೆದು ಅವಳೆದುರು ಕೂತ. ಸಮಾಧಾನದ ಮಾತು ಹೇಳಿದರೆ ಅವಳು ಅಳುತ್ತಾಳೆ, ಅತ್ತರೆ ಹೊರಡುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

“ಸರಿ. ನಾನೊಬ್ನೇ ಹೋಗ್ತೀನಿ. ಯಾರು ಮಾಡಿದ್ದು ಅಂತ ಕೇಳ್ತಾರೆ. ನಾನೇ ಅಂತೀನಿ. ಸುಳ್ಳೇನಲ್ವಲ್ಲ. ಆಗ ವರ್ಡಿ ಏನಂತಾಳೆ ಗೊತ್ತಾ? ಗಣಿ ಕೆಲಸದ ಗಂಡಸು ಮಾಡಿದ್ರೂ ಇಷ್ಟು ರುಚಿ ಬರತ್ತೆ ಅಂದ್ರೆ, ಡೆಲ್ಫಿಯಕ್ಕ ಇಷ್ಟು ವರ್ಷ ಮಾಡ್ತಿದ್ದದ್ರಲ್ಲಿ ಏನು ಮಹಾ ಇತ್ತು ಅಂತಾಳೆ.”

ಡೆಲ್ಫಿಯಾ ಅವನನ್ನು ನೋಡಿದ ನೋಟಕ್ಕೆ ಬೇರೆ ಗಂಡಸಾಗಿದ್ದರೆ ಎದ್ದು ಹೋಗುತ್ತಿದ್ದ. ಹೋಬರ್ಟ್ ಕೂತೇ ಇದ್ದ. ಕೊನೆಗೆ ಅವಳು ಕೋಲೂರಿ ಎದ್ದು, ನೀಲಿ ಫ್ರಾಕು ಇದ್ದ ಕಪಾಟಿನ ಕಡೆಗೆ ಕಾಲೆಳೆದುಕೊಂಡು ಹೋದಳು.

ಚರ್ಚಿನೊಳಗೆ ಮಾತ್ರ ಕಾಲಿಡಲಿಲ್ಲ. ಗಾಡಿಯನ್ನು ಓಕ್ ಮರದ ನೆರಳಿಗೆ ನಿಲ್ಲಿಸಿ, ಕಿಟಕಿ ಇಳಿಸಿ, ಇಬ್ಬರೂ ಅಲ್ಲೇ ಕೂತು ಉಪದೇಶ ಕೇಳಿದರು. ತಟ್ಟೆ ಬಟ್ಟೆ ಸುತ್ತಿಕೊಂಡು ಅವಳ ಮಡಿಲಲ್ಲಿತ್ತು. ಜನ ಹೊರಗೆ ಬಂದು ಹಲಗೆಗಳ ಸುತ್ತ ಸೇರಿದಾಗ ಹೋಬರ್ಟ್ ಅದನ್ನು ಕೊಂಡೊಯ್ದು ಅದರ ಜಾಗದಲ್ಲಿಟ್ಟ. ವರ್ಡಿ ಏನಾದರಾಗಲಿ ಎಂದು ತನ್ನದನ್ನೂ ತಂದಿದ್ದಳು. ಅದನ್ನು ಒಂದು ಗೇಣು ಪಕ್ಕಕ್ಕೆ ಸರಿಸಿ, “ಇದನ್ನ ನಿಜವಾಗ್ಲೂ ನೀವು ಮಾಡಿದ್ರಾ?” ಎಂದಳು.

“ಕೈ ನಂದು. ಉಳಿದಿದ್ದೆಲ್ಲ ಅವಳದು. ಅಗೋ, ಗಾಡೀಲಿ ಕೂತಿದಾಳೆ.”

ಡೆಲ್ಫಿಯಾ ಬಂದಿದ್ದಾಳೆ ಎನ್ನುವುದು ಸಾಲಿನುದ್ದಕ್ಕೂ ಹರಡಿತು. ತಟ್ಟೆ ಹಿಡಿದವರು ಹಿಡಿದ ಹಾಗೇ ಗಾಡಿಯ ಕಡೆ ಬಂದರು. ಅವಳ ಪಾಠದ ಮಕ್ಕಳು ಮಡ್ಗಾರ್ಡ್ ಮೇಲೆ ಹತ್ತಿ ಕೂತರು. ಡೆಲ್ಫಿಯಾ ತುಟಿ ಬಿಗಿಹಿಡಿದು, ಬಂದವರಿಗೆಲ್ಲ ತಲೆಯಾಡಿಸಿದಳು. ಎಡಗೈಯಲ್ಲಿ ಮಕ್ಕಳ ಕೆನ್ನೆ ಹಿಂಡಿದಳು. ಹೋಬರ್ಟ್ ಪಕ್ಕದಲ್ಲೇ ನಿಂತಿದ್ದ.

ಆಗ ಪಾಸ್ಟರ್ ಕ್ಲೆಟಿಸ್ ಬಂದರು. ಗಡ್ಡದ ಮೇಲೆ ಒಂದು ಹನಿ ನೇರಳೆ ರಸ. “ಡೆಲ್ಫಿಯಕ್ಕ, ಕಾಬ್ಲರ್ ಒಂಚೂರೂ ಬದಲಾಗಿಲ್ಲ” ಎಂದು ಕಿಟಕಿಯೊಳಗೆ ಕೈ ಚಾಚಿದರು.

ಅವರ ಕೈ ಹಿಡಿದುಕೊಂಡಾಗ ಡೆಲ್ಫಿಯಾಳಿಗೆ ಏನೆನ್ನಿಸಿತೋ, ತುಟಿ ಸಡಿಲಿತು. ಹೇಳಬೇಕೆಂದದ್ದು ಏನೋ, ಬಂದದ್ದು ಮಾತ್ರ ಅದೇ. ಬಹಳ ದಿನ ಅದುಮಿಟ್ಟದ್ದಕ್ಕೋ ಏನೋ, ಜೋರಾಗಿಯೇ ಬಂತು.

“ಹಲ್ಕಟ್ ನನ್ಮಗ!”

ಚಮಚಗಳ ಸದ್ದು ನಿಂತಿತು. ಮಡ್ಗಾರ್ಡಿನ ಮೇಲಿದ್ದ ಮಕ್ಕಳು ಬಾಯಿ ಬಿಟ್ಟು, ತಮ್ಮ ತಾಯಂದಿರ ಮುಖ ನೋಡಿದರು. ಡೆಲ್ಫಿಯಾ ಕೈ ಎಳೆದುಕೊಳ್ಳಲು ನೋಡಿದಳು. ಪಾಸ್ಟರ್ ಬಿಡಲಿಲ್ಲ.

“ನಮ್ಮಪ್ಪನಿಗೂ ಹಿಂಗೇ ಆಗಿತ್ತಕ್ಕ” ಎಂದರು, ಎಲ್ಲರಿಗೂ ಕೇಳುವ ಹಾಗೆ, ಆದರೆ ಮಾಮೂಲಿ ದನಿಯಲ್ಲಿ. “ನಾನಿನ್ನೂ ಹುಡುಗ. ಆಯಪ್ಪನ ಬಾಯಲ್ಲಿ ಉಳಿದಿದ್ದು ಒಂದೇ ಮಾತು, ನಮ್ಮ ಹೇಸರಗತ್ತೆ ಹೆಸರು. ನೀರು ಬೇಕಾದ್ರೂ ಅದೇ, ಹಸಿವಾದ್ರೂ ಅದೇ, ಅಮ್ಮನ್ನ ಕರೀಬೇಕಾದ್ರೂ ಅದೇ. ಸಾಯೋವರ್ಗೂ ಆಯಪ್ಪ ನಮ್ಮಮ್ಮನ್ನ ‘ಟೋಬಿ, ಟೋಬಿ’ ಅಂತ್ಲೇ ಕರೆದ. ಅಮ್ಮ ಒಂದ್ಸಲಾನೂ ಓಗೊಡದೆ ಇರ್ಲಿಲ್ಲ. ಆಸ್ಪತ್ರೇಲಿ ನೀವು ಅಂದಾಗ್ಲೇ ಇದನ್ನ ಹೇಳ್ಬೇಕಿತ್ತು. ನನಗೆ ಅಪ್ಪನ ನೆನಪಾಗಿಬಿಡ್ತು, ಎದ್ದು ಹೋಗ್ಬಿಟ್ಟೆ. ನೀವು ಬೇಜಾರು ಮಾಡ್ಕೊಂಡಿರ್ತೀರಿ ಅಂತ ಹೊಳೀಲೇ ಇಲ್ಲ.”

ಮೌನ ತಡೆಯುವ ಶಕ್ತಿ ವರ್ಡಿಗೆ ಎಂದೂ ಇರಲಿಲ್ಲ. “ಅದೆಲ್ಲ ಸರಿ, ಪಾಸ್ಟ್ರೇ, ಇದು ನಿಮಗಂದಿದ್ದೋ, ನನ್ನ ಕಾಬ್ಲರಿಗಂದಿದ್ದೋ, ಅದು ಮೊದ್ಲು ತೀರ್ಮಾನ ಆಗ್ಲಿ” ಎಂದಳು.

ಮೊದಲು ನಕ್ಕವಳು ಡೆಲ್ಫಿಯಾ. ಬೆಟ್ಟದ ಮೇಲೆ ನಕ್ಕ ಹಾಗೆ, ಭುಜ ಕುಣಿಸುತ್ತ. ನಗುತ್ತ ನಗುತ್ತ ಅದು ಅಳುವಾಯಿತು, ಅಳುವು ಮತ್ತೆ ನಗುವಾಯಿತು. ಓಹಾಯೋದಿಂದ ಬಂದವರೊಬ್ಬರು ಅವಳಿಗೆ ಕರವಸ್ತ್ರ ಕೊಟ್ಟರು. ಮಕ್ಕಳಿಗೆ ತಾಯಂದಿರು, “ಅವರು ಅನ್ನಬಹುದು, ನೀವಂದ್ರೆ ಬಾಯಿಗೆ ಸೋಪು” ಎಂದು ಅಲ್ಲೇ ಕಟ್ಟಪ್ಪಣೆ ಮಾಡಿದರು. ವರ್ಡಿ ಎರಡೂ ಕಾಬ್ಲರನ್ನು ಒಂದೇ ತಟ್ಟೆಗೆ ಬಡಿಸಿಕೊಂಡು ಬಂದು, ಗಾಡಿಯ ಬಾಗಿಲು ತೆಗೆದು ಡೆಲ್ಫಿಯಾಳ ಪಕ್ಕ ಇಕ್ಕಟ್ಟಿನಲ್ಲೇ ಕೂತು, ಒಂದೇ ಚಮಚದಲ್ಲಿ ಅವಳಿಗೊಂದು ತುತ್ತು, ತನಗೊಂದು ತುತ್ತು ಹಾಕತೊಡಗಿದಳು.

ಹೋಬರ್ಟ್ ಊಟಕ್ಕೆಂದು ಹಲಗೆಯ ಹತ್ತಿರ ಹೋದ. ಕಾಬ್ಲರಿನ ತಟ್ಟೆ ಬರಿದಾಗಿತ್ತು. ಅವನಿಗೆ ಒಂದು ಚೂರೂ ಉಳಿದಿರಲಿಲ್ಲ. ಯಾರೋ ಅಂಚಿಗೆ ಸೀದು ಹಿಡಿದದ್ದನ್ನೂ ಕೆರೆದು ತಿಂದಿದ್ದರು.

ಡೆಲ್ಫಿಯಾಳ ಬಲಗೈ ಮತ್ತೆ ಏಳಲಿಲ್ಲ. ಮಾತು ಮಾತ್ರ ಒಂದೊಂದಾಗಿ, ಹೇಳದೆ ಕೇಳದೆ ಬಂದವು. ಮೊದಲು ‘ನೀರು’, ಆಮೇಲೆ ‘ವರ್ಡಿ’, ಹಿಮ ಬೀಳುವ ಹೊತ್ತಿಗೆ ‘ಹೋಬರ್ಟ್’. ತನ್ನ ಹೆಸರಿಗಿಂತ ಮೊದಲು ವರ್ಡಿಯ ಹೆಸರು ಬಂತಲ್ಲ ಎಂದು ಅವನು ಕೆಲವು ದಿನ ಮುನಿಸಿಕೊಂಡಿದ್ದ. ಅವಳು ಚರ್ಚಿಗೆ ಹೋಗಿ ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂರತೊಡಗಿದಳು. ಪ್ರಾರ್ಥನೆಯ ನಡುವೆ ಆಗೊಮ್ಮೆ ಈಗೊಮ್ಮೆ ಆ ಮಾತು ಬಂದರೆ ಹೊಸಬರು ಯಾರಾದರೂ ತಿರುಗಿ ನೋಡುತ್ತಿದ್ದರು, ಊರವರು ನೋಡುತ್ತಿರಲಿಲ್ಲ. ಕಾಬ್ಲರ್ ಮಾಡುವ ಕೆಲಸ ಹೋಬರ್ಟನಿಗೇ ನಿಂತಿತು. ಅಂಗಡಿಯ ಮುಂದೆ ಕೂರುವ ಗಣಿಯ ಹಳೆಯ ಜೊತೆಗಾರರು, “ಏನಯ್ಯಾ, ಏಪ್ರನ್ ಕಟ್ಕೊಂಡು ಲಟ್ಟಣಿಗೆ ಹಿಡಿದ್ಯಂತೆ?” ಎಂದು ಕಿಚಾಯಿಸುತ್ತಿದ್ದರು. ಹೋಬರ್ಟ್ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮುಂದಿನ ಬೇಸಿಗೆ ಅವರಲ್ಲೇ ಒಬ್ಬ, ಹೆಂಡತಿಯನ್ನು ಮಣ್ಣು ಮಾಡಿ ಬಂದವನು, ಒಂದು ಬಕೆಟ್ ಹಣ್ಣು ಹಿಡಿದುಕೊಂಡು ಬಂದು ಅವನ ಜಗಲಿಯ ಮೆಟ್ಟಿಲ ಮೇಲೆ ನಿಂತ. ಹೋಬರ್ಟ್ ಏನೂ ಕೇಳದೆ ಅವನನ್ನು ಅಡುಗೆಮನೆಗೆ ಕರೆದು ಕೈ ತೊಳೆದುಕೊಳ್ಳಲು ಹೇಳಿದ.